ತಕ್ಕಡಿಯಲ್ಲಿದ್ದ ಗುಂಡು

ಹೋದ ವರ್ಷ ದಸರಾ ರಜೆಯ ಮಾತು. ನಾನು ಕುರುಗೋಡಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಯುದ್ಧಗಳ ಇತಿಹಾಸದ ಹಳೆ ಪುಸ್ತಕ, ಪತ್ರಿಕೆ ಕೂಡಿಡುವುದು ನನ್ನ ಹುಚ್ಚು. ಪಟಾಕಿ ಸದ್ದಿಗೇ ಕಿವಿ ಮುಚ್ಚಿಕೊಳ್ಳುವವನಿಗೆ ಇದೆಂಥ ಹುಚ್ಚು ಎಂದು ಹೆಂಡತಿ ನಗುತ್ತಾಳೆ.

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿರುವ ಖಾದರ್ ಸಾಬರ ರದ್ದಿ ಅಂಗಡಿ ನನ್ನ ಕಾಯಂ ಠಿಕಾಣಿ. ಅವರು ಪುಸ್ತಕವನ್ನೂ ತೂಗಿಯೇ ಮಾರುವವರು. ಎರಡು ಕಿಲೋ ತೂಕದ ಬಟ್ಟಿನ ಬದಲು, ಸಿರುಗುಪ್ಪ ಕಡೆಯ ಗುಜರಿಯಲ್ಲಿ ಬಂದಿದ್ದ, ತುಕ್ಕು ಹಿಡಿದ ಬದನೆಕಾಯಿಯಂಥ ಕಬ್ಬಿಣದ ಗುಂಡನ್ನು ತಕ್ಕಡಿಗೆ ಇಡುತ್ತಿದ್ದರು. ಅದರ ತೂಕದ ಮೇಲೆ ನನಗೆ ಅನುಮಾನ. ಹಿಂದಿನ ಸಲ ಜಗಳವನ್ನೇ ತೆಗೆದಿದ್ದೆ. "ಆತ್ರಿ ಮೇಷ್ಟ್ರ, ಸರಿ ಮಾಡಿಸ್ತೀನಿ" ಎಂದಿದ್ದರು.

ಅಂದು ರದ್ದಿ ರಾಶಿಯಲ್ಲಿ, ಸಿಡಿಯದೆ ಉಳಿದ ಬಾಂಬುಗಳ ಬಗ್ಗೆ ಒಂದು ಹಳೆ ಪುಸ್ತಕ ಸಿಕ್ಕಿತು. ಖುಷಿಯಿಂದ ಪುಟ ತಿರುಗಿಸುತ್ತಿದ್ದವನು ಒಂದು ಚಿತ್ರ ನೋಡಿ ನಿಂತೆ. ಅದೇ ಬದನೆಕಾಯಿ, ಅದೇ ಮೂತಿ, ಸುತ್ತಲೂ ಅದೇ ಗೆರೆಗಳು. ಎಷ್ಟು ವರ್ಷ ಕಳೆದರೂ ಬಿಸಿ ತಗುಲಿದರೆ ಸಿಡಿಯಬಹುದೆಂದು ಕೆಳಗೆ ಬರೆದಿತ್ತು. ತಕ್ಕಡಿಯತ್ತ ತಿರುಗಿದೆ. ಗುಂಡು ಇರಲಿಲ್ಲ.

"ಸಾಬ್ರ, ಗುಂಡು ಎಲ್ಲೈತ್ರಿ?"

"ಮಗ್ಗಲ ವೆಲ್ಡಿಂಗ್ ಅಂಗಡ್ಯಾಗ ಕೊಟ್ಟೀನ್ರಿ. ತೂಕ ಕಮ್ಮಿ ಐತಿ ಅಂತ ನೀವ ಅಂದಿದ್ರಲ್ಲ? ಅದಕ್ಕೊಂದು ನಟ್ಟು ಬೆಸಿಯಾಕ."

ಪುಸ್ತಕ ಹಿಡಿದೇ ಓಡಿದೆ. ವೆಲ್ಡರ್ ಈರಣ್ಣ ಗುಂಡನ್ನು ಇಕ್ಕಳಕ್ಕೆ ಸಿಕ್ಕಿಸಿ, ನಟ್ಟು ಇಟ್ಟು, ಇನ್ನೇನು ಕಿಡಿ ಹಚ್ಚುವುದರಲ್ಲಿದ್ದ. ಗೋಡೆಯ ಮೇನ್ ಸ್ವಿಚ್ ಎಳೆದುಬಿಟ್ಟೆ.

"ಯಾವನಲೇ ಅಂವ, ಕರೆಂಟ್ ತೆಗದಾಂವ?" ಎಂದು ಈರಣ್ಣ ಮೇಲೆದ್ದ. ನಾನು ಪುಸ್ತಕ ಮುಂದೆ ಹಿಡಿದೆ. ಚಿತ್ರ ನೋಡಿದ, ಗುಂಡು ನೋಡಿದ. "ಯಪ್ಪಾ!" ಎಂದವನೇ ಹೊರಗೆ ಜಿಗಿದ.

ಪೊಲೀಸರು ಬಂದು ಇಡೀ ಓಣಿ ಖಾಲಿ ಮಾಡಿಸಿದರು. ಮರಳಿನ ಮೂಟೆಗಳ ನಡುವೆ ಗುಂಡನ್ನು ಒಯ್ದ ಬಾಂಬ್ ದಳದವರು, ಒಳಗೆ ಮದ್ದು ಹಾಗೇ ಇದೆ ಎಂದರು. "ದೇವ್ರು ಬಂದಂಗ ಬಂದ್ರಿ ಮೇಷ್ಟ್ರ" ಎಂದು ಈರಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. ಓಣಿಯವರೆಲ್ಲ ಸುತ್ತುವರಿದು ಹೊಗಳತೊಡಗಿದರು.

ಅಷ್ಟರಲ್ಲಿ ಒಬ್ಬ ಪೊಲೀಸ್ ಕೇಳಿದ: "ಇದನ್ನ ವೆಲ್ಡಿಂಗ್ ಮಾಡಸ್ರಿ ಅಂತ ಹೇಳಿದಾಂವ ಯಾಂವ?"

ಖಾದರ್ ಸಾಬರು ಒಮ್ಮೆ ನನ್ನ ಕಡೆ ನೋಡಿದರು. "ಯಾರೂ ಹೇಳಿಲ್ರಿ ಸಾಹೇಬ್ರ. ನಂದ ತಪ್ಪು" ಎಂದರು. ಅವರನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಸಂಜೆ ಬಿಟ್ಟರಂತೆ.

ವೆಲ್ಡಿಂಗ್ ಕಿಡಿ ಕಂಡರೆ ಈಗಲೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಆದರೆ ಅಂದು ನಾನು ಆ ಬಾಂಬಿಗಿಂತ ಹೆಚ್ಚು ಹೆದರಿದ್ದು ಆ ಪೊಲೀಸನ ಒಂದು ಪ್ರಶ್ನೆಗೆ. "ನಾನು" ಎಂದು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.