ಅತ್ತೆಯ ಕಿವಿ, ಎಂಜಿನ್ನಿನ ಉಸಿರು

ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಕಂಪನಿಯ ದಯೆಯಿಂದ ದಿನಕ್ಕೆ ಸಾವಿರಾರು ಜನ ಮೇಲೇರುತ್ತಿದ್ದರು. ಅವನ ಸಂಬಳ ಮಾತ್ರ ಸೇರಿದಾಗಿನಿಂದ ನೆಲಮಹಡಿ ಬಿಟ್ಟು ಕದಲಿರಲಿಲ್ಲ. ಸ್ವಂತ ಕಾರಿಲ್ಲ, ಕೊಳ್ಳುವ ಲಕ್ಷಣವೂ ಇಲ್ಲ. ಆದರೂ ಕಾರುಗಳ ವಿಷಯದಲ್ಲಿ ಅವನಷ್ಟು ಬಲ್ಲವರು ಬಳಗದಲ್ಲೇ ಇಲ್ಲವೆಂದು ಎಲ್ಲರೂ, ಮುಖ್ಯವಾಗಿ ಅವನೇ, ನಂಬಿದ್ದರು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಫೋನು ಹಿಡಿದು ನೋಡಿದ ವಿಡಿಯೊಗಳೇ ಅವನ ವಿದ್ಯಾಭ್ಯಾಸ. ಈಜು ಬಾರದವನು ದಡದ ಮೇಲೆ ನಿಂತು ನೀರಿನಲ್ಲಿದ್ದವರಿಗೆ ಪಾಠ ಹೇಳಿದಂತೆ.

ಹಾಗಾಗಿ ಸೋದರತ್ತೆ ಫೋನ್ ಮಾಡಿ, "ಏನು ಅಳಿಯಂದಿರೇ, ಭಾನುವಾರ ಬಿಡುವು ಮಾಡ್ಕೊಳ್ಳಿ, ಕಾರು ನೋಡೋಕೆ ಹೋಗ್ಬೇಕು" ಅಂದಾಗ ಅವನ ಎದೆ ಒಂದು ಗೇಣು ಉಬ್ಬಿತು.

"ಯಾಕತ್ತೆ, ಹಳದಿ ಕಾರಿಗೇನಾಯ್ತು?"

"ಏನು?"

"ಹಳದಿ ಕಾರು, ಹಳದಿ ಕಾರು!"

"ಅದರ ಕಾಲ ಮುಗೀತು ಕಣೋ. ತಳ ಪೂರ್ತಿ ತುಕ್ಕು ತಿಂದುಬಿಟ್ಟಿದೆ. ಹೊಲಿಗೆ ಹಾಕೋಣ ಅಂದ್ರೆ ದಾರ ನಿಲ್ಲೋಕೆ ಬಟ್ಟೇನೇ ಇಲ್ಲಮ್ಮ ಅಂದ್ಬಿಟ್ಟ ಗ್ಯಾರೇಜಿನವನು."

ಫೋನಿಟ್ಟ ಮೇಲೆ ಅವನು ಸ್ವಲ್ಪ ಹೊತ್ತು ಯಾರ ದೂರನ್ನೂ ಎತ್ತಿಕೊಳ್ಳಲಿಲ್ಲ. ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ಯಾರೋ ಕಾಯುತ್ತಿದ್ದಿರಬೇಕು.

ಹಳದಿ ಕಾರೆಂದರೆ ಎರಡೇ ಬಾಗಿಲಿನ, ಗಿಡ್ಡನೆಯ, ಸಿಟ್ಟು ಬಂದ ಬೆಕ್ಕಿನಂತೆ ನೆಲಕ್ಕೊತ್ತಿಕೊಂಡು ಕೂತ ಗಾಡಿ. ಹಿಂದಿನ ಸೀಟು ಹೆಸರಿಗೆ ಮಾತ್ರ. ಮಕ್ಕಳನ್ನು ಮಡಚಿ ಇಡಬಹುದಿತ್ತು. ಅವನನ್ನು ಬಾಲ್ಯವಿಡೀ ಹಾಗೆ ಮಡಚಿ ಇಡಲಾಗಿತ್ತು. ಶಾಲೆಗೆ ರಜೆ ಬಂತೆಂದರೆ ಅತ್ತೆಯ ಮನೆ, ಸಂಜೆಯಾಯಿತೆಂದರೆ ನೀರಿನ ಟ್ಯಾಂಕಿನ ಹಿಂದಿನ ಏರು ರಸ್ತೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ತೋರಿಸುವ ಮೀಟರಿನ ಮುಳ್ಳು ಎಂದೋ ಮುರಿದು ಗಾಜಿನೊಳಗೆ ಬಿದ್ದಿತ್ತು. ಅತ್ತೆ ಅದನ್ನು ಸರಿಮಾಡಿಸುವ ಗೋಜಿಗೇ ಹೋಗಿರಲಿಲ್ಲ. ಗೇರು ಯಾವಾಗ ಬದಲಿಸಬೇಕೆಂದು ಕಿವಿಯೇ ಹೇಳುತ್ತಿತ್ತು. "ಮುಳ್ಳು ನೋಡ್ಕೊಂಡು ಗಾಡಿ ಓಡಿಸೋದು ಅಂದ್ರೆ ಗಡಿಯಾರ ನೋಡ್ಕೊಂಡು ಊಟ ಮಾಡಿದ ಹಾಗೆ," ಅನ್ನುತ್ತಿದ್ದರು.

ಏರು ಶುರುವಾಗುತ್ತಿದ್ದಂತೆ "ಕೇಳು" ಅನ್ನುವರು. ಮೊದಲು ಎಂಜಿನ್ ಗೊಣಗುತ್ತಿತ್ತು. "ಇದು ಮಾತು." ಇನ್ನಷ್ಟು ಒತ್ತಿದರೆ ಸದ್ದು ತಿಳಿಯಾಗಿ ಮೇಲೇರುತ್ತಿತ್ತು. "ಇದು ಹಾಡು." ಆಮೇಲೆ, ಇನ್ನು ಏರುವುದಕ್ಕೆ ಜಾಗವೇ ಇಲ್ಲ ಅನ್ನಿಸುವ ಹೊತ್ತಿಗೆ, ಎಂಜಿನ್ನಿನೊಳಗೆ ಬೇರೆ ಯಾರೋ ಹೊಕ್ಕಂತೆ ಒಂದು ಕೂಗು ಹೊರಡುತ್ತಿತ್ತು. ಅದಕ್ಕೆ ಅತ್ತೆ ಹೆಸರಿಡುತ್ತಿರಲಿಲ್ಲ. ತುಟಿ ಬಿಗಿಹಿಡಿದು, ಆ ಕೂಗು ಒಡೆಯುವುದಕ್ಕೆ ಕೂದಲೆಳೆ ಮೊದಲು ಗೇರು ಬದಲಿಸುವರು. ಅವನ ಬೆನ್ನ ಹುರಿಯುದ್ದಕ್ಕೂ ಜುಮ್ಮೆನ್ನುತ್ತಿತ್ತು. ಮನೆಗೆ ಬಂದರೆ ಮಾವ ಪೇಪರಿನಿಂದ ತಲೆಯೆತ್ತದೆ, "ಬಂದ್ರಾ? ಇನ್ನೂ ಟ್ಯಾಂಕಿನ ಹತ್ತಿರ ಇದ್ದಾಗ್ಲೇ ನನಗೆ ಗೊತ್ತಾಯ್ತು, ಪಕ್ಕದ ಬೀದಿಗೂ ಗೊತ್ತಾಯ್ತು" ಅನ್ನುವರು. ಮಾವ ಆ ಕಾರಿನಲ್ಲಿ ಕೂತದ್ದು ಒಂದೇ ಸಲ. ಆಮೇಲೆ ಬದುಕಿರುವವರೆಗೂ ಬಸ್ಸಿನಲ್ಲೇ ಓಡಾಡಿದರು.

ಅತ್ತೆಯ ಕಿವಿ ಪಳಗಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಉದ್ದನೆಯ ಹಜಾರ, ಗೋಡೆಯುದ್ದಕ್ಕೂ ತೂತುಗಳ ಹಲಗೆ, ಅದರ ಮುಂದೆ ತಲೆಗೆ ಹೆಡ್‌ಫೋನು ಬಿಗಿದ ಹೆಂಗಸರ ಸಾಲು. ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಊರಿನ ಈ ಮೂಲೆ ಆ ಮೂಲೆಯ ಜೊತೆ ಮಾತಾಡುತ್ತಿತ್ತು. ಕರೆ ಮಾಡಿದವರು ಬಾಯಿ ತೆರೆಯುವ ಮುಂಚೆ, ಉಸಿರೆಳೆದುಕೊಂಡ ರೀತಿಯಲ್ಲೇ ಇವರು ಯಾರು, ಖುಷಿಯ ಸುದ್ದಿಯೋ ಸಾವಿನ ಸುದ್ದಿಯೋ ಎಂದು ಅತ್ತೆಗೆ ತಿಳಿಯುತ್ತಿತ್ತಂತೆ. ಆಮೇಲೆ ತಾನೇ ಜೋಡಿಸಿಕೊಳ್ಳುವ ಯಂತ್ರ ಬಂತು. ಹೆಂಗಸರನ್ನೆಲ್ಲ ಎಬ್ಬಿಸಿ ಬಿಲ್ಲಿನ ವಿಭಾಗಕ್ಕೆ ಕಳಿಸಿದರು. ಹಲಗೆ ಬಿಚ್ಚಿದ ವಾರವೇ ಅತ್ತೆ ಹೋಗಿ ಹಳದಿ ಕಾರು ಕೊಂಡುಬಂದರು.

"ಅಕ್ಕನಿಗೆ ತಲೆ ಕೆಟ್ಟಿದೆ," ಅಂದಿದ್ದ ಅವನಪ್ಪ.

"ತಲೆ ಸರಿಯಾಗೇ ಇದೆ. ಕಿವಿಗೆ ಕೆಲಸ ಹೋಯ್ತಲ್ಲ, ಬೇರೆ ಕೆಲಸ ಕೊಡ್ಬೇಕಿತ್ತು," ಅಂದಿದ್ದರು ಅತ್ತೆ.

ಅವನು ದೊಡ್ಡವನಾಗಿ ವಿಡಿಯೊ ಪಂಡಿತನಾದ ಮೇಲೆ ಅತ್ತೆ-ಅಳಿಯನ ನಡುವೆ ಒಂದು ಖಾಯಂ ಜಗಳ ಶುರುವಾಗಿತ್ತು. ಅವನು ಟರ್ಬೊ ಪಕ್ಷ. ಎಂಜಿನ್ ಉಗುಳುವ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಏರ್ಪಾಡೇ ಟರ್ಬೊ. ಪುಟ್ಟ ಎಂಜಿನ್ನಿಗೂ ಆನೆ ಬಲ ಬರುತ್ತದೆ ಎಂದು ಅವನು ಕೈ ತಿರುಗಿಸಿ ತಿರುಗಿಸಿ ವಿವರಿಸುವನು. ಅತ್ತೆಯದು ಸ್ವಂತ ಉಸಿರಿನ ಪಕ್ಷ.

"ಊದಿಸ್ಕೊಂಡು ಉಬ್ಬೋದು ಬಲೂನು ಕಣೋ. ಎಂಜಿನ್ ಅಂದ್ಮೇಲೆ ತನ್ನ ಉಸಿರು ತಾನೇ ಎಳ್ಕೋಬೇಕು. ಆ ನಿನ್ನ ಟರ್ಬೊ, ಕಾಲಲ್ಲಿ ಒತ್ತಿದ ಮೇಲೆ ನಿಂತು ಯೋಚನೆ ಮಾಡಿ ಆಮೇಲೆ ಹೊರಡುತ್ತೆ, ನಿಮ್ಮಪ್ಪನ ಥರ."

"ಅದೆಲ್ಲ ಹಳೇ ಕಾಲದ ಟರ್ಬೊ ಅತ್ತೆ. ಈಗಿನವು ಯೋಚನೇನೇ ಮಾಡಲ್ಲ."

"ಹಾಗಾದ್ರೆ ನಿನ್ನ ಥರ."

ಭಾನುವಾರ ಹೋದಾಗ ಅತ್ತೆ ಆಗಲೇ ತಯಾರಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಕಾಫಿ ಮುಂದಿಟ್ಟು, ಅವನು ಕಂಪ್ಯೂಟರಿನಲ್ಲಿ ಅಚ್ಚು ತೆಗೆಸಿ ತಂದಿದ್ದ ಹೋಲಿಕೆಯ ಹಾಳೆಯನ್ನು ನೋಡದೆಯೇ ಪಕ್ಕಕ್ಕೆ ಸರಿಸಿದರು.

"ಮೊದಲು ಒಂದು ಮಾತು. ಯಾರಿಗೂ ಹೇಳ್ಬಾರದು. ಹೇಳಿದ್ರೆ ನಿಮ್ಮಪ್ಪ ಬಂದು ಕೀಲಿಕೈ ಕಿತ್ಕೊಂಡು ಹೋಗ್ತಾನೆ."

"ಏನತ್ತೆ?"

"ಕಿವಿ ಹೋಗ್ತಾ ಇದೆ. ಹಾರ್ನ್ ಕೇಳುತ್ತೆ, ಎದುರಿಗೆ ಕೂತ್ರೆ ಮಾತು ಕೇಳುತ್ತೆ, ಗಾಡಿ ಓಡಿಸೋಕೆ ಅಡ್ಡಿ ಇಲ್ಲ ಅಂದ್ರು ಡಾಕ್ಟರು. ಆದ್ರೆ ಸದ್ದಿನ ಅಂಚೇ ಹೋಗ್ಬಿಟ್ಟಿದೆ. ಹಳದಿ ಕಾರಲ್ಲಿ ಕೊನೇ ತಿಂಗಳೆಲ್ಲ ಹಾಡಿನ ಮೇಲೆ ಏನೂ ಬರ್ತಾ ಇರಲಿಲ್ಲ. ಅದಕ್ಕೂ ವಯಸ್ಸಾಯ್ತೋ ನನಗೋ ಗೊತ್ತಾಗ್ತಿಲ್ಲ."

"ಕಿವಿಗೆ ಹಾಕೋ ಮೆಷಿನ್ನು..."

"ಹಾಕಿ ನೋಡಾಯ್ತು. ಗಾಳಿ, ಟೈರು, ಮಿಕ್ಸಿ, ಎಲ್ಲಾ ಒಂದೇ ಡಬ್ಬದಲ್ಲಿ ಹಾಕಿ ಕುಲುಕಿದ ಹಾಗೆ ಕೇಳುತ್ತೆ." ಅತ್ತೆ ಲೋಟ ತಿರುಗಿಸುತ್ತ ಕೂತರು. "ಇದು ನನ್ನ ಕೊನೇ ಕಾರು. ಮನೆಯಿಂದ ಮಾರ್ಕೆಟ್ಟಿಗೆ ಹೋಗೋಕೆ ನನಗೆ ಕಾರು ಬೇಡ, ಬಸ್ಸಿದೆ. ಓಡಿಸೋ ಖುಷಿಗೆ ಬೇಕು. ಆ ಖುಷಿ ಇನ್ನೂ ಇದೆಯೋ, ಅದೂ ಕಿವಿ ಜೊತೆಗೇ ಹೋಯ್ತೋ, ಇವತ್ತು ಗೊತ್ತಾಗ್ಬೇಕು."

ಷೋರೂಮಿನಲ್ಲಿ ಹೊಸದೂ ಹಳೆಯದೂ ಒಂದೇ ಸೂರಿನಡಿ. ಕುತ್ತಿಗೆಗೆ ಟೈ ಬಿಗಿದ ಮಾರಾಟಗಾರ ನೇರವಾಗಿ ಅವನ ಹತ್ತಿರ ಬಂದು, "ಸರ್, ತಮಗೆ ಎಂಥದ್ದು ತೋರಿಸ್ಲಿ?" ಅಂದ.

"ಅವನಿಗೆ ಬಸ್ ಪಾಸ್ ತೋರಿಸಿ ಸಾಕು," ಅಂದರು ಅತ್ತೆ. "ನನಗೆ ಎರಡು. ಒಂದು ಟರ್ಬೊ, ಒಂದು ಟರ್ಬೊ ಇಲ್ಲದ್ದು. ಎರಡೂ ಜೋರಾಗಿ ಓಡ್ಬೇಕು. ಗೇರು ಕೈಯಲ್ಲೇ ಹಾಕೋ ಥರದ್ದು."

ಟೈಯವನ ಮುಖ ಬೆಳಗಿತು. ಟರ್ಬೊದ್ದು ಹೊಸ ಬೂದು ಬಣ್ಣದ ಗಾಡಿ. ಟರ್ಬೊ ಇಲ್ಲದ್ದು ಒಬ್ಬರ ಕೈ ಬದಲಿಸಿ ಬಂದ ಕೆಂಪು ಗಾಡಿ; ಆ ಎಂಜಿನ್ ಮಾಡುವುದನ್ನು ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆ, ಇಂಥದ್ದು ಇನ್ನು ಬರುವುದಿಲ್ಲ ಅಂದ. ಅತ್ತೆ ಕೆಂಪು ಗಾಡಿಯ ಗೇರಿನ ಗುಂಡನ್ನು ಅಂಗೈಯಲ್ಲಿ ಹಿಡಿದು, ಹಳೆಯ ಗೆಳತಿಯ ಕೈಹಿಡಿದಂತೆ ಒಂದು ಗಳಿಗೆ ಕೂತರು. ಟೈಯವನು ಪಕ್ಕದಲ್ಲಿ, ಅವನು ಹಿಂದೆ, ಅಭ್ಯಾಸಬಲದಿಂದ ಮಡಚಿಕೊಂಡು.

ಉಗ್ರಾಣಗಳ ಹಿಂದೆ ಉದ್ದಕ್ಕೆ ಚಾಚಿದ ಖಾಲಿ ರಸ್ತೆ. ಅತ್ತೆ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರು. ಗೊಣಗು, ಹಾಡು, ಆಮೇಲೆ ಆ ಕೂಗು. ಅವನ ಮೈಮೇಲೆ ಮುಳ್ಳೆದ್ದವು. ಎಷ್ಟೋ ವರ್ಷದ ಮೇಲೆ ಕೇಳುತ್ತಿದ್ದಾನೆ; ಕಣ್ಣು ಮುಚ್ಚಿಕೊಂಡರೆ ಮೊಣಕಾಲು ಗದ್ದಕ್ಕೆ ತಾಗುವಷ್ಟು ಚಿಕ್ಕವನಾಗಬಹುದಿತ್ತು. ಈಗ ಗೇರು ಬದಲಿಸುತ್ತಾರೆ ಎಂದುಕೊಂಡ. ಬದಲಿಸಲಿಲ್ಲ. ಈಗ, ಎಂದುಕೊಂಡ. ಅತ್ತೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬರಬೇಕಾದವರು ಇನ್ನೂ ಬಂದಿಲ್ಲವೆಂಬಂತೆ ಕಾಯುತ್ತಿದ್ದರು. ಧಡ್ ಧಡ್ ಧಡ್! ಮಿತಿ ಮೀರದಂತೆ ಎಂಜಿನ್ ತನ್ನ ಉಸಿರು ತಾನೇ ಕಟ್ಟಿಕೊಂಡಿತು. ಕಾರು ಗೋಡೆಗೆ ಹಣೆ ಚಚ್ಚಿಕೊಂಡಂತೆ ಮುಗ್ಗರಿಸಿತು.

ಅತ್ತೆ ಕಾಲು ತೆಗೆದರು.

"ಪರವಾಗಿಲ್ಲ ಮೇಡಂ, ಎಲ್ಲರಿಗೂ ಆಗುತ್ತೆ," ಅಂದ ಟೈಯವನು, ಒಳ್ಳೆಯ ಮನಸ್ಸಿನಿಂದಲೇ.

ಎಲ್ಲರಿಗೂ ಆಗುತ್ತದೆ. ಅತ್ತೆಗೆ ಆಗುತ್ತಿರಲಿಲ್ಲ. ಅವರು ಇನ್ನೊಮ್ಮೆ ಓಡಿಸಿದರು. ಈ ಸಲ ಗೇರು ಸರಿಯಾದ ಹೊತ್ತಿಗೇ ಬದಲಾಯಿತು, ಆದರೆ ಕನ್ನಡಿಯಲ್ಲಿ ಅವನಿಗೆ ಕಂಡಿತು: ಅತ್ತೆಯ ಕಣ್ಣು ರಸ್ತೆ ಬಿಟ್ಟು ಮುಳ್ಳಿನ ಕಡೆ ಇಳಿದು ಮತ್ತೆ ಮೇಲೆದ್ದಿತ್ತು. ವಾಪಸು ಬರುವಾಗ ಟೈಯವನು ಎಸಿಯ ಗುಂಡಿಗಳನ್ನು ಒಂದೊಂದಾಗಿ ಒತ್ತಿ ತೋರಿಸಿದ.

ಬೂದು ಗಾಡಿಯನ್ನು ಅತ್ತೆ ಋಣ ತೀರಿಸುವವರಂತೆ ಹತ್ತಿದರು. ಅದೇ ರಸ್ತೆ, ಅದೇ ಎರಡನೇ ಗೇರು. ಒತ್ತಿದರು. ಅರೆಗಳಿಗೆ ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಸೀಟಿಗೇ ಕೈಯಿಟ್ಟು ತಳ್ಳಿದಂತಾಗಿ ಮೂವರ ತಲೆಯೂ ಒಟ್ಟಿಗೆ ಹಿಂದಕ್ಕೆ ಹೋಯಿತು. ಸದ್ದು ಇರಲೇ ಇಲ್ಲ ಅನ್ನಬೇಕು. ತಳ್ಳುವ ಆ ಕೈ ಮೇಲಕ್ಕೆ ಹೋದಂತೆ ಸುಸ್ತಾಗಿ ಸಡಿಲಾಗುವಷ್ಟರಲ್ಲಿ ಅತ್ತೆ ಗೇರು ಬದಲಿಸಿದ್ದರು. ಮುಳ್ಳಿನ ಕಡೆ ನೋಡಿರಲಿಲ್ಲ. ಮೂರನೆಯದರಲ್ಲೂ ಹಾಗೆಯೇ, ಕರಾರುವಾಕ್ಕಾಗಿ.

ರಸ್ತೆಯ ಕೊನೆಗೆ ಕಾರು ನಿಲ್ಲಿಸಿ ಅತ್ತೆ, "ಅರೆ," ಅಂದರು. ಮತ್ತೆ ತಿರುಗಿಸಿ ಮತ್ತೆ ಓಡಿಸಿದರು. ಟೈಯವನು ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕಾಗದಪತ್ರಕ್ಕೆಂದು ಟೈಯವನು ಒಳಗೆ ಹೋದಾಗ ಅತ್ತೆ-ಅಳಿಯ ಕಾಫಿ ಯಂತ್ರದ ಪಕ್ಕ ನಿಂತರು.

"ಅತ್ತೆ, ಕೆಂಪು ಗಾಡಿ ತಗೊಳ್ಳಿ," ಅಂದ ಅವನು. ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಊಟದ ಬಿಡುವಿನ ವಿದ್ಯೆಯೆಲ್ಲ ಒಂದೇ ಏಟಿಗೆ ನೀರುಪಾಲು.

"ನೀನು ಟರ್ಬೊ ಪಕ್ಷ ಅಲ್ವೇನೋ?"

"ಆಗಿದ್ದೆ. ಆದ್ರೆ ಆ ಸದ್ದು... ಅದು ಇನ್ನು ಬರೋದಿಲ್ಲ ಅತ್ತೆ. ಒಂದೆರಡು ಸಲ ಮುಳ್ಳು ನೋಡಿದ್ರೆ ಏನಾಯ್ತು? ಅಭ್ಯಾಸ ಆಗುತ್ತೆ. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ ಬೇಕಾದ್ರೆ."

ಅತ್ತೆ ಅವನನ್ನೇ ನೋಡಿದರು. "ಕೂಗು ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ಹೇಗಿತ್ತು?"

"ಹಾಗೇ ಇತ್ತು. ಹಳದಿ ಕಾರಿನದಕ್ಕಿಂತ ಚೆನ್ನಾಗಿತ್ತು ಅಂದ್ರೂ ತಪ್ಪಿಲ್ಲ."

"ನನಗೆ ಕೇಳಿಸ್ಲಿಲ್ಲ. ಆ ಕಾರು ತಗೊಂಡ್ರೆ ದಿನಾ ಅದರೊಳಗೆ ಕೂತು ಇಲ್ಲದ್ದನ್ನ ಹುಡುಕ್ತಾ ಇರ್ತೀನಿ. ಕೇಳೋದು ನಿನಗೆ, ಓಡಿಸೋದು ನಾನು. ನಿನ್ನ ಬಾಲ್ಯಕ್ಕೆ ನಾನು ಡ್ರೈವರ್ ಆಗ್ಬೇಕಾ?"

ಅವನು ಅತ್ತೆಗಾಗಿ ವಾದಿಸುತ್ತಿದ್ದೇನೆ ಎಂದುಕೊಂಡಿದ್ದ. ನೋಡಿದರೆ ಹಿಂದಿನ ಸೀಟಿನಲ್ಲಿ ಮಡಚಿಕೊಂಡ ಹುಡುಗನ ಪರವಾಗಿ ವಕಾಲತ್ತು ವಹಿಸಿದ್ದ.

"ಅಲ್ಲ ಅತ್ತೆ, ಬೂದು ಗಾಡೀಲಿ ಅಂಥದ್ದೇನಿದೆ?"

"ಬೆನ್ನಿಗೆ ಹೇಳುತ್ತೆ ಅದು. ತಳ್ಳೋವಾಗ ತಳ್ಳುತ್ತೆ, ಸಾಕು ಅನ್ನೋವಾಗ ಬಿಡುತ್ತೆ. ನನ್ನ ಬೆನ್ನು ಇನ್ನೂ ಗಟ್ಟಿ ಇದೆ. ಇಷ್ಟು ವರ್ಷ ಊದಿಸ್ಕೊಳ್ಳೋ ಎಂಜಿನ್ ಅಂತ ಬೈದೆನಲ್ಲ, ಮುಖ ಸಣ್ಣದಾಗುತ್ತೆ ಈಗ. ಆಗ್ಲಿ. ನಿಮ್ಮಪ್ಪನ ಥರ ಅಂದಿದ್ದೆ, ಅವನನ್ನೂ ಸಹಿಸ್ಕೊಂಡಿಲ್ವಾ?"

ಕೆಂಪು ಗಾಡಿಯನ್ನು ದಾಟಿ ಹೋಗುವಾಗ ಅತ್ತೆ ನಿಲ್ಲಲಿಲ್ಲ. ಅವನು ನಿಂತ. ಅದರ ಗಾಜಿನ ಮೇಲೆ ಧೂಳಿತ್ತು; ಬೆರಳಿನಿಂದ ಒರೆಸಬೇಕೆನ್ನಿಸಿ, ಷೋರೂಮಿನವರು ನೋಡಿಯಾರೆಂದು ಕೈ ಜೇಬಿಗಿಟ್ಟುಕೊಂಡ.

ಬೂದು ಗಾಡಿ ಮನೆಗೆ ಬರುವ ದಿನ ಅವನು ಅರ್ಧ ದಿನ ರಜೆ ಹಾಕಿದ. ಹೊರವರ್ತುಲ ರಸ್ತೆ ಖಾಲಿಯಿತ್ತು. ಈ ಸಲ ಅವನು ಮುಂದಿನ ಸೀಟಿನಲ್ಲಿ, ಕಾಲು ಚಾಚಿಕೊಂಡು. ಅತ್ತೆ ಒಮ್ಮೆ ಜೋರಾಗಿ ಒತ್ತಿ, ಗೇರು ಬದಲಿಸಿ, ಕಾಲು ಸಡಿಲಿಸಿ ಕೇಳಿದರು:

"ಹೇಳು, ಇದರ ಸದ್ದು ಹೇಗಿದೆ? ಸುಳ್ಳು ಹೇಳ್ಬೇಡ."

ಅವನು ಕಿವಿಗೊಟ್ಟ. ಎಂಜಿನ್ ಒಳಗೊಳಗೇ ಗುರುಗುಟ್ಟಿತು, ಕಾಲು ತೆಗೆದಾಗ ಎಲ್ಲೋ ಸಣ್ಣಗೆ ಇಶ್ಶ್ ಎಂದಿತು. ಅಷ್ಟೇ.

"ಕುಕ್ಕರಿನ ಥರ ಇದೆ ಅತ್ತೆ. ವಿಷಲ್ ಹಾಕದ ಕುಕ್ಕರು."

ಅತ್ತೆ ಸ್ಟಿಯರಿಂಗಿಗೆ ಅಂಗೈ ಬಡಿದು ನಕ್ಕರು. ಎಕ್ಸ್‌ಚೇಂಜಿನ ಹಜಾರದುದ್ದಕ್ಕೂ ಕೇಳಿಸುತ್ತಿದ್ದಿರಬಹುದಾದ ನಗು.

"ಹಾಗಾದ್ರೆ ನನಗೇನೂ ನಷ್ಟ ಇಲ್ಲ ಬಿಡು," ಅಂದವರೇ ಮತ್ತೆ ಒತ್ತಿದರು.