ಮಣ್ಣಿನ ಹಣ್ಣಿಗೆ ಹೆಲ್ಮೆಟ್

ಹುಕ್ಕೇರಿಯ ತಂಗಿಗೆ ಕೊಡಲೆಂದು ಗೋಕಾಕದಲ್ಲಿ ಬಣ್ಣ ಹಚ್ಚಿದ ಮಣ್ಣಿನ ಹಣ್ಣುಗಳನ್ನು ಕೊಂಡಿದ್ದೆ. ಒಡೆದಾವೆಂಬ ಭಯಕ್ಕೆ ಅವನ್ನು ಹೆಲ್ಮೆಟ್ಟಿನೊಳಗೆ ಇಟ್ಟು, ಸುತ್ತ ಟವೆಲ್ ತುರುಕಿ, ಬೈಕಿನ ಹ್ಯಾಂಡಲ್ಲಿಗೆ ತೂಗುಹಾಕಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಹೊರಟೆ.

ಘಟಪ್ರಭಾ ದಾಟುವಷ್ಟರಲ್ಲಿ ಚೈನು ಕಟಕಟ ಅನ್ನತೊಡಗಿತು. ರಸ್ತೆ ಬದಿಯ ಗ್ಯಾರೇಜಿನ ಕಾಕಾ ಅದನ್ನು ಮುಟ್ಟಿ ನೋಡಿ, "ಎಷ್ಟ ದಿನಾ ಆತ್ರಿ ಇದಕ್ಕ ಎಣ್ಣಿ ತೋರಿಸಿ?" ಅಂದರು.

ನಾನು ಮಾತು ತೇಲಿಸಿದೆ. "ಸಾವಕಾಶ ಕಾಕಾ, ಹೆಲ್ಮೆಟ್‌ನ್ಯಾಗ ಒಡಿಯೂ ಸಾಮಾನ ಐತಿ."

ಕಾಕಾ ಇಣುಕಿದರು. ಮಾವು, ಪೇರಲ, ಸೀತಾಫಲ.

"ಇವು ಒಡದ್ರ ಗೋಕಾಕದಾಗ ಮತ್ತ ಸಿಗತಾವ್ರಿ. ತಲಿ ಯಾವ ಊರಾಗ ಸಿಗತೈತಿ?"

ಚೈನು ಬಿಗಿಮಾಡಿ ಎಣ್ಣೆ ಬಿಟ್ಟ ಮೇಲೆ, ಹಣ್ಣುಗಳನ್ನು ತಾವೇ ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ಹೆಲ್ಮೆಟ್ ನನ್ನ ತಲೆಗೇರಿ, ಗದ್ದದ ಬೆಲ್ಟು ಟಕ್ ಅನ್ನುವವರೆಗೂ ಬೈಕಿನ ಕೀಲಿ ಕೊಡಲಿಲ್ಲ.

ಹುಕ್ಕೇರಿ ಮುಟ್ಟಿ ಚೀಲ ಬಿಚ್ಚಿದರೆ ಸೀತಾಫಲ ಎರಡು ಹೋಳಾಗಿತ್ತು.

"ಒಂದ ಹಣ್ಣ ನೆಟ್ಟಗ ತರಾಕ ಆಗಲಿಲ್ಲೇನಣ್ಣಾ?" ತಂಗಿ ಸಿಡುಕಿದಳು.

"ತಲಿ ನೆಟ್ಟಗ ತಂದೀನಲ್ಲವಾ!" ಅಂದೆ.

"ಅದನ್ನ ಶೋಕೇಸಿನ್ಯಾಗ ಇಡಾಕ ಬರತೈತೇನು?"