ಓಂಕಾರಮೂರ್ತಿಯ ‘ವೆರಿ ನಿಯರ್’

ಮೂಡಿಗೆರೆ ಕಡೆಯ ಖಾಸಗಿ ಬಸ್ಸುಗಳ ಕಂಡಕ್ಟರುಗಳಲ್ಲಿ ಓಂಕಾರಮೂರ್ತಿ ಮಹಾರಥಿ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ಒಂದು ಮದುವೆ ದಿಬ್ಬಣಕ್ಕೆ ಜಾಗ ಸೃಷ್ಟಿಸಬಲ್ಲ. ಒಂದು ಕೈಯಲ್ಲಿ ಬಾಗಿಲಿಗೆ ಜೋತುಬಿದ್ದು, ಇನ್ನೊಂದರಲ್ಲಿ ಯಾರದೋ ಕೋಳಿಬುಟ್ಟಿ ಹಿಡಿದು, ಘಾಟಿಯ ತಿರುವಿನಲ್ಲಿ ವಿಷಲ್ ಊದಬಲ್ಲ. ಇಂಥ ವೀರನನ್ನು ಸೋಲಿಸಬಲ್ಲ ಶತ್ರು ಒಂದೇ: ಇಂಗ್ಲಿಷ್.

ಮಾಲೀಕ ರೇವಣ್ಣನವರು ಹೊಸ ಮಿನಿ ಬಸ್ಸು ತರಿಸಿದ್ದರು. ಪ್ರವಾಸಿಗರನ್ನು ದೇವರಮನೆ ಗುಡ್ಡದವರೆಗೂ ಕರೆದೊಯ್ಯುವ, ಕಿಟಕಿಗೆ ಪರದೆಯಿರುವ, ಕೋಳಿ ಹತ್ತದ ಬಸ್ಸು. ಅದರ ಕಂಡಕ್ಟರಾಗಬೇಕೆಂದು ಓಂಕಾರಮೂರ್ತಿಗೆ ಊಟ ಸೇರದಷ್ಟು ಆಸೆ.

“ಇಂಗ್ಲಿಷ್ ಬರುತ್ತೇನಯ್ಯಾ? ಭಾನುವಾರ ನಿನ್ನ ಹಳೇ ಬಸ್ಸಲ್ಲಿ ನಾನೇ ಹಿಂದಿನ ಸೀಟಲ್ಲಿ ಕೂತು ಕೇಳ್ತೀನಿ,” ಎಂದರು ರೇವಣ್ಣ.

ಓಂಕಾರಮೂರ್ತಿಗೆ ಕಾಲೇಜಿಗೆ ಹೋಗುವ ತನ್ನ ಮಗಳು ಕೃತಿಕಾಳೇ ಗುರುವಾದಳು. ಶಿಷ್ಯ ಬಚ್ಚಲಿನ ಹಂಡೆಯನ್ನು ‘ವೇರ್ ಡು ಯು ವಾಂಟ್ ಟು ಗೆಟ್ ಡೌನ್?’ ಎಂದು ವಿಚಾರಿಸಿದ. ಕಡುಬು ಬೇಯಿಸುತ್ತಿದ್ದ ಹೆಂಡತಿಯನ್ನು ‘ಹೌ ಲಾಂಗ್ ಡಸ್ ಇಟ್ ಟೇಕ್?’ ಎಂದು ಕೇಳಿ, ಸೌಟು ಮೇಲೇಳುವ ಮೊದಲೇ ಅಂಗಳ ಸೇರಿದ. ಬಸ್ಸಿನಲ್ಲಿ ದಿನಾ ಓಡಾಡುವ ನಂಜಮ್ಮನ ಚೀಲವನ್ನೂ ಬಿಡಲಿಲ್ಲ: ‘ಹೌ ಹೆವಿ ಈಸ್ ಇಟ್?’

“ಮೈಗೆ ಹುಷಾರಿಲ್ವೇನೋ ಮಾರಾಯ? ಹಲಸಿನಹಣ್ಣು, ಎತ್ತಿ ಒಳಗಿಡು!”

ಭಾನುವಾರ ಬೆಳಿಗ್ಗೆ ಪುಣೆಯ ಗಂಡ, ಹೆಂಡತಿ, ಪುಟ್ಟ ಮಗಳು ಹತ್ತಿದರು. ಓಂಕಾರಮೂರ್ತಿ ರಣರಂಗಕ್ಕಿಳಿದ. ‘ವೇರ್ ಆರ್ ಯು ಗೋಯಿಂಗ್?’ ‘ದೇವರಮನೆ!’ ಎಂದ ಗಂಡ. ‘ಹೌ ಟಾಲ್ ಈಸ್ ಶೀ?’ ಎನ್ನುತ್ತ ಮಗುವನ್ನು ಅರ್ಧ ಟಿಕೆಟ್ಟಿನ ಎತ್ತರ ಅಳೆಯುವ, ಕಂಬದ ಕೆಂಪು ಗೆರೆಯ ಕೆಳಗೆ ನಿಲ್ಲಿಸಿದ. ಅರ್ಧ ಟಿಕೆಟ್ಟಿನ ಮಗು ಹೆಮ್ಮೆಯಿಂದ ತುದಿಗಾಲಲ್ಲಿ ನಿಂತು ಪೂರ್ತಿ ಟಿಕೆಟ್ ಗೆದ್ದುಕೊಂಡಿತು. ಹಿಂದಿನ ಸೀಟಿನಲ್ಲಿ ರೇವಣ್ಣನವರ ಮೀಸೆ ಅರಳಿತು.

ಹಳೇ ಬಸ್ಸು ಗುಡ್ಡ ಹತ್ತುವುದಿಲ್ಲ; ಕೆಳಗಿನ ತಿರುವಿನಲ್ಲಿ ಇಳಿಯುತ್ತ ಹೆಂಗಸು ಕೇಳಿದಳು: “ಹೌ ಫಾರ್ ಈಸ್ ದಿ ಟೆಂಪಲ್?”

ಆರು ಕಿಲೋಮೀಟರ್, ಬರೀ ಏರು. ‘ಸಿಕ್ಸ್’ ಎಂಬ ಮಾತು ಹಲ್ಲಿನವರೆಗೂ ಬಂದಿತ್ತು. ಆದರೆ ನಡೆಯುವವರಿಗೆ ನಿಜವಾದ ದೂರ ಹೇಳಿ ಕಾಲಿನ ಶಕ್ತಿ ಕಸಿಯುವ ಪದ್ಧತಿ ಈ ಗುಡ್ಡಗಾಡಿನಲ್ಲಿಲ್ಲ. ಎಷ್ಟು ದೂರವಿದ್ದರೂ ಇಲ್ಲಿ ಎಲ್ಲವೂ ‘ಇಲ್ಲೇ’. ಓಂಕಾರಮೂರ್ತಿಯೊಳಗಿನ ಅಜ್ಜ, ಮುತ್ತಜ್ಜಂದಿರೆಲ್ಲ ಒಟ್ಟಿಗೆ ಇಂಗ್ಲಿಷ್ ಮಾತಾಡಿದರು: “ವೆರಿ ನಿಯರ್, ಮೇಡಂ. ಜಸ್ಟ್ ಹಿಯರ್!”

ಸಂಜೆ ಬಸ್ಸು ಮರಳಿ ಬರುವಾಗ ಆ ಮೂವರು ರಸ್ತೆಯ ನಡುವೆಯೇ ಕೂತಿದ್ದರು. ಗಂಡನ ಚಪ್ಪಲಿ ಕೈಯಲ್ಲಿ, ಮಗಳು ಹೆಗಲಲ್ಲಿ, ಹೆಂಡತಿಯ ಕಣ್ಣಲ್ಲಿ ಬೆಂಕಿ. “ದಿಸ್ ಈಸ್ ವೆರಿ ನಿಯರ್?” ಎಂದಳು ಬಸ್ಸು ಹತ್ತುತ್ತ. ಗುಡಿಗೆ ಹೋಗಿಬರಲು ಹಿಡಿದ ಹೊತ್ತನ್ನು ಇಡೀ ಬಸ್ಸಿಗೆ ಕೇಳುವಂತೆ ವಿವರಿಸಿದಳು. ಹಿಂದಿನ ಸೀಟಿನ ಮೀಸೆ ಮುದುಡಿತು.

“ಈ ಹಳೇ ಬಸ್ಸೇ ಗಟ್ಟಿ ನಿಂಗೆ,” ಎಂದರು ರೇವಣ್ಣ.

ಹೊಸ ಬಸ್ಸಿನ ಪರದೆಗಳು ಓಂಕಾರಮೂರ್ತಿಯ ಕಣ್ಣೆದುರೇ ಹಾರಿಹೋದವು. ಅಷ್ಟರಲ್ಲಿ ಹೆಂಗಸು ಸುಸ್ತಾಗಿ ಕೇಳಿದಳು: “ಹೌ ಫಾರ್ ಈಸ್ ಮೂಡಿಗೆರೆ?”

ಈ ಸಲ ಅವನು ಅಜ್ಜಂದಿರ ಬಾಯಿ ಮುಚ್ಚಿದ. “ಟ್ವೆಂಟಿ ಕಿಲೋಮೀಟರ್ಸ್, ಮೇಡಂ. ರೋಡ್ ಬ್ಯಾಡ್. ಒನ್ ಅವರ್.”

ಗಂಡ ನರಳಿದ. ಮಗು ಬಾಯಿ ಸೊಟ್ಟ ಮಾಡಿ ಅಳಲು ಶುರುಮಾಡಿತು. ಬಸ್ಸಿಗೆ ಬಸ್ಸೇ ಕಂಡಕ್ಟರನ ಮೇಲೆ ತಿರುಗಿಬಿತ್ತು.

“ಥೂ ನಿನ್ನ! ಸುಸ್ತಾದವರ ಹತ್ರ ಹಾಗೆಲ್ಲ ಹೇಳ್ತಾರಾ?” ಎಂದಳು ಕೋಳಿಬುಟ್ಟಿ ತೊಡೆಯ ಮೇಲಿಟ್ಟು ಕೂತಿದ್ದ ನಂಜಮ್ಮ.

ಅಳು ಕೇಳಲಾರದೆ ಹಿಂದಿನ ಸೀಟಿನಿಂದ ಸ್ವತಃ ರೇವಣ್ಣನವರೇ ಎದ್ದು ಓಡಿಬಂದರು. ಮಗುವಿನ ಗಲ್ಲ ಹಿಡಿದು, “ನೋ ನೋ ಪುಟ್ಟಾ! ವೆರಿ ನಿಯರ್! ಜಸ್ಟ್ ಹಿಯರ್!” ಎಂದುಬಿಟ್ಟರು.

ಓಂಕಾರಮೂರ್ತಿ ಮಾಲೀಕರ ಮುಖವನ್ನು ನೋಡಿದ, ಬಹಳ ವಿನಯದಿಂದ. ರೇವಣ್ಣ ಕೆಮ್ಮಿದರು, ಕಿಟಕಿಯಾಚೆ ಕಾಫಿ ಗಿಡಗಳನ್ನು ಎಣಿಸುವವರಂತೆ ನಿಂತರು.

“ಶನಿವಾರ ಬೆಳಿಗ್ಗೆ ಬೇಗ ಬಾ. ಹೊಸ ಬಸ್ಸಿಗೆ ಪೂಜೆ ಇದೆ,” ಎಂದರು ಕೊನೆಗೆ. “ಗುಡ್ಡದ ತುದಿವರೆಗೂ ಬಸ್ಸೇ ಹೋಗುತ್ತಲ್ಲ, ನೀನು ಏನು ಹೇಳಿದ್ರೂ ನಡೆಯುತ್ತೆ.”

ವಿಷಲ್ ಎಷ್ಟು ಜೋರಾಗಿ ಮೊಳಗಿತೆಂದರೆ, ನಂಜಮ್ಮನ ಬುಟ್ಟಿಯ ಹುಂಜ ಬೆಳಗಾಯಿತೆಂದು ಕೂಗಿತು. ಅಳು ನಿಲ್ಲಿಸಿದ ಮಗು ಕಂಬದ ಕೆಂಪು ಗೆರೆಯ ಕೆಳಗೆ ಹೋಗಿ ನಿಂತು, ಮತ್ತೊಮ್ಮೆ ತುದಿಗಾಲೆತ್ತಿತು.